ಕಾಲಿನ ಹರಡಿಗೆ ಹೊಸ ಕೀಲು



ಮಂಡಿಯ ಸವೆದ ಕೀಲನ್ನು ತೆಗೆಯಿಸಿ ಲೋಹದ ಕೀಲನ್ನು ಕೂಡಿಸಿಕೊಂಡವರು ಇಂದು ನಮ್ಮ ಒಂದೊಂದು ಬೀದಿಯಲ್ಲಿಯೂ ಒಬ್ಬಿಬ್ಬರಾದರೂ ಇರುವರು. ವರ್ಷಗಟ್ಟಲೆ ಮನೆಯ ಹೊಸಿಲು ದಾಟಲಾರದೆ ಇದ್ದ ಹಿರಿಯರು ಆ ಶಸ್ತ್ರಕ್ರಿಯೆಯಾದ ಕೆಲವು ತಿಂಗಳಿಗೆಲ್ಲ ಮದುವೆಯ ಮನೆಗಳಲ್ಲಿ, ದೇವಸ್ಥಾನದ ಪ್ರಾಕಾರಗಳಲ್ಲಿ ಸರಾಗವಾಗಿ ಓಡಾಡುತ್ತಿರುವುದನ್ನು ಕಂಡವರು, ತಮಗೆ ನೋವಿರುವುದು ಮಂಡಿಯಲ್ಲಲ್ಲದೆ ಪಾದದ ಮೇಲಣ ಹರಡಿನಲ್ಲಿ ಆಗಿದ್ದ ಪಕ್ಷದಲ್ಲಿ, ವೈದ್ಯನ ಬಳಿಗೆ ಬಂದು, “ಅವರಿಗೆ ಮಂಡಿಗೆ ಮಾಡಿದ್ರಲ್ಲ ಡಾಕ್ಟ್ರೇ, ಹಾಗೇ ನನಗೂ ಇಲ್ಲೊಂದು ಹೊಸದು ಹಾಕಿಬಿಡಿ” ಎಂದು ಕೇಳುವುದು ಸಹಜವೇ ಆಗಿದೆ. ಮೂಳೆ ಕೀಲುಗಳ ಚಿಕಿತ್ಸೆಯಲ್ಲಿಯೇ ಆಯುಷ್ಯದ ಹೆಚ್ಚು ಭಾಗವನ್ನು ಕಳೆದ ನನ್ನಂಥವನು ಈ ಕೇಳಿಕೆಗೆ ಹೌದೆಂದಾಗಲಿ ಅಲ್ಲವೆಂದಾಗಲಿ ನಿಂತ ನಿಲುವಿನಲ್ಲಿ ಉತ್ತರ ಹೇಳಲಾರನು. ಹರಡಿಗೂ ಹೊಸ ಕೀಲು ಉಂಟು. ಅದು ಈಗ ಬರಿಯ ಪ್ರಯೋಗವಾಗಿ ಉಳಿದಿಲ್ಲ. ಆದರೆ ಹರಡಿನ ರಚನೆ ಬೇರೆ, ಅದು ಕೆಡುವ ಬಗೆ ಬೇರೆ, ಕೆಟ್ಟುದನ್ನು ಬದಲಾಯಿಸುವಾಗ ಒದಗುವ ತೊಡಕುಗಳೂ ಬೇರೆ. ಮಂಡಿಗೆ ಸಂದ ಫಲವೇ ಹರಡಿಗೂ ಸಲ್ಲುವುದೆಂದು ನಂಬಿ, ಆಮೇಲೆ ನಿರಾಶರಾದವರನ್ನು ಕಂಡು ನೊಂದವನಾದುದರಿಂದ, ಈ ವಿಷಯವನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ತಮ್ಮೊಡನೆ ಮಾತನಾಡಬೇಕೆಂದು ಬಂದಿದ್ದೇನೆ.

ಮಂಡಿಯಿಂದ ಕೆಳಗಿಳಿದು ಬರುವ ಎರಡು ಮೂಳೆಗಳು, ಒಳಬದಿಯ ದಪ್ಪನೆಯ ಟಿಬಿಯಾ ಮತ್ತು ಹೊರಬದಿಯ ಸಪುರವಾದ ಫಿಬ್ಯುಲಾ, ತಮ್ಮ ತುದಿಗಳಲ್ಲಿ, ಚರ್ಮದ ಮೇಲಿನಿಂದಲೇ ನಾವು ಮುಟ್ಟಿ ನೋಡಬಹುದಾದ ಎರಡು ಗಂಟುಗಳಾಗಿ ಉಬ್ಬಿ, ಆ ಗಂಟುಗಳ ನಡುವೆ ಒಂದು ಕಚ್ಚನ್ನು ಏರ್ಪಡಿಸುವುವು. ಬಡಗಿಯು ಬಾಗಿಲಿನ ನಿಲುವಿನಲ್ಲಿ ಕೊರೆದ ಕಚ್ಚಿನೊಳಕ್ಕೆ ಅಡ್ಡಪಟ್ಟಿಯ ನಾಲಗೆ ಬಿಗಿಯಾಗಿ ಕುಳಿತುಕೊಳ್ಳುವಂತೆ, ಅದರೊಳಗೆ ಟೇಲಸ್ ಎಂಬ ಮೂಳೆಯ ಬೆನ್ನು ಕುಳಿತಿರುವುದು. ಈ ಟೇಲಸ್ ಒಂದು ವಿಚಿತ್ರವಾದ ಅಸ್ಥಿ. ದೇಹದ ಇಡೀ ಭಾರ ಅದರ ಮೇಲೆಯೇ ಇಳಿದು ಹಿಮ್ಮಡಿಗೂ ಮುಂಗಾಲಿಗೂ ಹಂಚಿಹೋಗತಕ್ಕುದಾದರೂ, ಒಂದು ಸ್ನಾಯುವಾದರೂ ಅದಕ್ಕೆ ಅಂಟಿಕೊಂಡಿಲ್ಲ. ಅದರ ಮೈಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮೃದ್ವಸ್ಥಿಯ ನುಣುಪಾದ ಲೇಪವೇ ಆವರಿಸಿರುವುದರಿಂದ, ರಕ್ತನಾಳಗಳು ಒಳಹೊಗಲು ಉಳಿದಿರುವ ಎಡೆ ಬಹಳ ಕಿರಿದು. ಮುರಿದ ಟೇಲಸ್ ಎಷ್ಟೋ ಸಲ ರಕ್ತವಿಲ್ಲದೆ ಒಳಗಿಂದೊಳಗೇ ಸತ್ತುಹೋಗುವುದಕ್ಕೆ ಇದೇ ಕಾರಣ.

ಆ ಮೃದ್ವಸ್ಥಿಯ ದಪ್ಪವಾದರೂ ಎಷ್ಟು? ಮಂಡಿಯಲ್ಲಿ ಕೆಲವೆಡೆ ಅದು 6 ಮಿಲಿಮೀಟರಿನವರೆಗೆ ಇರುವುದುಂಟು; ಹರಡಿನಲ್ಲಿ 1 ಮಿಲಿಮೀಟರಿಗೆ ತುಸು ಮೇಲೆ. ಒಂದನ್ನೊಂದು ಮುಟ್ಟಿ ಭಾರವನ್ನು ಹೊರುವ ಮೇಲ್ಮೈಯ ವಿಸ್ತಾರವನ್ನು ನೋಡಿದರೆ, ಅದು ಮಂಡಿಯದರ ಅಥವಾ ಸೊಂಟದ ಕೀಲಿನದರ ಸುಮಾರು ಮೂರನೆಯ ಒಂದು ಪಾಲು ಮಾತ್ರ. ನಡೆಯುವಾಗ ಹಿಮ್ಮಡಿಯೆದ್ದು ಬೆರಳುಗಳ ಮೇಲೆ ಮುನ್ನುಗ್ಗುವ ಕ್ಷಣದಲ್ಲಿ ದೇಹದ ತೂಕದ ನಾಲ್ಕೈದು ಪಟ್ಟು ಒತ್ತಡ ಇಷ್ಟು ಸಣ್ಣ ಎಡೆಯ ಮೇಲೆ ಬೀಳುವುದು. ಹೀಗಿದ್ದೂ, ಮಂಡಿಯಂತೆ ಹರಡು ವಯಸ್ಸಾದ ಮಾತ್ರಕ್ಕೆ ಸವೆಯುವುದು ಅಪೂರ್ವ. ಎರಡು ಮೈಗಳೂ ಒಂದಕ್ಕೊಂದು ಹೇಳಿ ಮಾಡಿಸಿದಂತೆ ಹೊಂದಿಕೊಂಡಿರುವುದು, ಆ ತೆಳುವಾದ ಮೃದ್ವಸ್ಥಿ ಮುಪ್ಪಿನಲ್ಲಿಯೂ ತನ್ನ ಬಿಗಿಯನ್ನು ಬಿಡದಿರುವುದು, ಇವೇ ಅದರ ದೀರ್ಘಾಯುಷ್ಯಕ್ಕೆ ಕಾರಣಗಳೆಂದು ತಿಳಿದವರು ಹೇಳುವರು. ಎಂಬತ್ತು ವರ್ಷದ ಅಜ್ಜಿಯ ಮಂಡಿ ಎರಡೂ ಬಾಗಿ ಹೋಗಿದ್ದರೂ, ಹರಡು ಮಾತ್ರ ಹದಿನೆಂಟರ ಹುಡುಗಿಯದರ ಹಾಗೆ ಇರುವುದನ್ನು ನಾನು ಎಕ್ಸ್‌ರೇಗಳಲ್ಲಿ ಎಷ್ಟೋ ಸಲ ಕಂಡು ಬೆರಗಾಗಿದ್ದೇನೆ.

ಹಾಗಾದರೆ ಅದು ಕೆಡುವುದೆಂತು? ಪೆಟ್ಟಿನಿಂದ. ಅಮೆರಿಕದ ಐಯೋವಾ ವಿಶ್ವವಿದ್ಯಾಲಯದ ವೈದ್ಯರು ಹರಡಿನ ಕೀಲು ತೀರ ಸವೆದಿದ್ದ 639 ರೋಗಿಗಳ ವೃತ್ತಾಂತವನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅವರಲ್ಲಿ ನೂರಕ್ಕೆ 70 ಮಂದಿಯ ರೋಗಕ್ಕೆ ಹಿಂದೆಂದೋ ಆದ ಮೂಳೆಮುರಿತವೋ ಉಳುಕೋ ಮೂಲವಾಗಿದ್ದಿತು. 12 ಮಂದಿಗೆ ರುಮಟಾಯ್ಡ್ ಸಂಧಿವಾತವಿದ್ದಿತು. ಕಾರಣವೇ ಕಾಣದೆ ಸವೆದದ್ದು 7 ಮಂದಿಯಲ್ಲಿ ಮಾತ್ರ. ನಮ್ಮ ಪ್ರಾಚೀನರೂ ಈ ಎಡೆಯ ಆಘಾತವನ್ನು ಲಘುವಾಗಿ ಎಣಿಸಿದವರಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನವು ದೇಹದ 107 ಮರ್ಮಗಳನ್ನು ಎಣಿಸುವಾಗ, ಪಾದವೂ ಕಾಲೂ ಕೂಡುವೆಡೆಯ ಗುಲ್ಫವನ್ನು ಪ್ರಾಣವನ್ನು ತೆಗೆಯದೆ ನೋವನ್ನು ಉಳಿಸುವ ಮರ್ಮಗಳ ವರ್ಗದಲ್ಲಿ ಇರಿಸಿ, ಅಲ್ಲಿ ಪೆಟ್ಟಾದವನಿಗೆ ವೇದನೆ, ಪಾದದ ಬಿಗಿತ, ಕುಂಟುತನ ಇವು ಒದಗುವುವೆಂದು ತಿಳಿಸುವುದು. ಇಂದು ನನ್ನ ಮುಂದೆ ಬಂದು ಕೂರುವ ರೋಗಿ ಹೇಳಿಕೊಳ್ಳುವ ಕಷ್ಟಗಳೂ ಇವೇ ಮೂರು.

1976ರಲ್ಲಿ ರ‍್ಯಾಮ್ಸಿ ಮತ್ತು ಹ್ಯಾಮಿಲ್ಟನ್ ಎಂಬ ಇಬ್ಬರು ವೈದ್ಯರು ಮೃತದೇಹಗಳ ಹರಡುಗಳ ಮೇಲೆ ನಡೆಸಿದ ಒಂದು ಪರೀಕ್ಷೆ ನಮ್ಮ ವೃತ್ತಿಯವರಿಗೆಲ್ಲ ಪಾಠವಾಗಿದೆ. ಟೇಲಸ್ ತನ್ನ ಸ್ಥಾನದಿಂದ ಹೊರಬದಿಗೆ ಕೇವಲ 1 ಮಿಲಿಮೀಟರ್ ಸರಿದರೂ ಸಾಕು, ಕೀಲಿನ ಮೈಗಳು ಒಂದನ್ನೊಂದು ಮುಟ್ಟುವ ವಿಸ್ತಾರ ನೂರಕ್ಕೆ 42ರಷ್ಟು ಕುಗ್ಗುವುದೆಂದು ಅವರು ತೋರಿಸಿದರು. ಅಷ್ಟು ಭಾರವೂ ಉಳಿದ ಎಡೆಯ ಮೇಲೆ ಬಿದ್ದು, ಮೃದ್ವಸ್ಥಿ ದಿನದಿನಕ್ಕೂ ಸವೆಯುತ್ತ, ಹತ್ತು ಇಪ್ಪತ್ತು ವರ್ಷಗಳ ಮೇಲೆ ಮೂಳೆ ಮೂಳೆಯನ್ನೇ ಉಜ್ಜುವ ಸ್ಥಿತಿ ಬರುವುದು. ನಮ್ಮ ನಾಡಿನಲ್ಲಿ ಅಡಕೆ ತೆಂಗಿನ ಮರಗಳಿಂದ ಬಿದ್ದವರು, ಸ್ಕೂಟರಿನಿಂದ ಉರುಳಿದವರು, ಬಚ್ಚಲಿನ ಪಾಚಿಯ ಮೇಲೆ ಜಾರಿದವರು ಎಷ್ಟೋ ಮಂದಿ ಹರಡಿಗೆ ಕಟ್ಟು ಹಾಕಿಸಿಕೊಂಡು ಒಂದೂವರೆ ತಿಂಗಳು ಮಲಗಿ, ಬಾವಿಳಿದ ಮೇಲೆ ಎದ್ದು ನಡೆದಾಡಿ, ವಾಸಿಯಾಯಿತೆಂದು ಮರೆತುಬಿಡುವರು. ಮೂಳೆ ಕೂಡಿತು, ನಿಜ; ಆದರೆ ಅದು ಒಂದೆರಡು ಮಿಲಿಮೀಟರ್ ಅತ್ತಿತ್ತ ಕೂಡಿತ್ತೆಂಬುದು ಹೊರಗಣ ಕಣ್ಣಿಗೆ ಕಾಣದು. ಮೂವತ್ತರಲ್ಲಿ ಸರಿಯಾಗಿ ಕೂಡಿಸದೆ ಹೋದ ಹರಡು ಐವತ್ತರಲ್ಲಿ ಸಾಲ ಕೇಳಲು ಬರುವುದು. ಈ ಭಾಷಣದ ಮುಖ್ಯ ವಿಷಯ ಇದಲ್ಲವಾದರೂ, ಹರಡಿನ ಮೂಳೆ ಮುರಿದಾಗ ಎಕ್ಸ್‌ರೇ ತೆಗೆಯಿಸಿ, ಕಚ್ಚು ಯಥಾಸ್ಥಿತಿಗೆ ಬಂದಿದೆಯೇ ಎಂದು ನೋಡಿಸದೆ ಸುಮ್ಮನಿರಬೇಡಿರೆಂದು ಕೈಜೋಡಿಸಿ ಬೇಡುತ್ತೇನೆ.

ಈ ರೋಗದ ಇನ್ನೊಂದು ಕಷ್ಟವೇನೆಂದರೆ, ಮನೆಯವರಿಗೆ ಅದರ ಗುರುತ್ವ ತಿಳಿಯದು. ಸೊಂಟ ಸವೆದವರನ್ನು ಕಂಡು ಅಯ್ಯೋ ಎನ್ನುವವರು, ಹರಡು ಹಿಡಿದು ಕುಳಿತವರಿಗೆ ಎಣ್ಣೆ ತಿಕ್ಕಿಕೊಳ್ಳೆಂದು ಹೇಳಿ ಹೋಗುವರು. ಕೆನಡಾದ ವೈದ್ಯರು ಈ ಎರಡು ಬಗೆಯ ರೋಗಿಗಳನ್ನೂ ಹೋಲಿಸಿ ನೋಡಿ, ಕೊನೆಯ ಹಂತಕ್ಕೆ ಬಂದ ಹರಡಿನ ಸವೆತವು ಕೊಡುವ ನೋವೂ ಜೀವನದಲ್ಲಿ ತರುವ ಕುಂದೂ ಸೊಂಟದ ಸವೆತಕ್ಕಿಂತ ಯಾವ ವಿಧದಲ್ಲಿಯೂ ಕಡಮೆಯಲ್ಲವೆಂದು 2008ರಲ್ಲಿ ಸಾರಿದರು.

ಮೊದಲು ಮಾಡಬೇಕಾದವು ಸರಳವಾದ ಉಪಾಯಗಳೇ: ಮೈತೂಕವನ್ನು ಇಳಿಸುವುದು, ಎದುರು ಕೈಯಲ್ಲಿ ಊರುಗೋಲು ಹಿಡಿಯುವುದು, ಹರಡನ್ನು ಬಿಗಿಹಿಡಿಯುವ ಪಟ್ಟಿ, ಅಡಿ ದುಂಡಗಿರುವ ಪಾದರಕ್ಷೆ, ಮಿತವಾಗಿ ನೋವಿನ ಗುಳಿಗೆ. ಇವುಗಳಿಂದಲೇ ವರ್ಷಗಳನ್ನು ನೂಕಿದವರುಂಟು. ಇವು ಸಾಲದಾದಾಗ ಶಸ್ತ್ರಕ್ರಿಯೆಯ ಪ್ರಶ್ನೆ ಬರುವುದು. ಆಗ ಮುಖ್ಯವಾಗಿ ತೆರೆದಿರುವ ದಾರಿಗಳು ಎರಡು.

ಹಳೆಯ ದಾರಿಯೆಂದರೆ ಕೀಲನ್ನೇ ಇಲ್ಲವಾಗಿಸಿ, ಮೇಲಿನ ಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಒಂದೇ ಆಗುವಂತೆ ಬೆಸೆಯುವುದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿಯೆನ್ನಾ ನಗರದ ಎಡ್ವರ್ಡ್ ಆಲ್ಬರ್ಟ್ ಎಂಬ ಶಸ್ತ್ರವೈದ್ಯನು ಪ್ರಾರಂಭಿಸಿದ ಈ ಕ್ರಮಕ್ಕೆ ಭದ್ರವಾದ ತಳಹದಿ ಹಾಕಿದವರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಪ್ರಮುಖನು. ಮೂಳೆಗಳ ತುದಿಗಳನ್ನು ಹೊರಗಿನಿಂದ ಬಿಗಿದ ಕಂಬಿಗಳಿಂದ ಒಂದಕ್ಕೊಂದು ಒತ್ತಿ ಹಿಡಿದರೆ ಅವು ಬೇಗ ಬೆಸೆದುಕೊಳ್ಳುವುವೆಂದು 1951ರಲ್ಲಿ ಅವನು ವಿವರಿಸಿದನು. ಸೊಂಟಕ್ಕೆ ಚಲಿಸುವ ಕೃತಕ ಕೀಲನ್ನು ಕೊಟ್ಟು ಜಗತ್ತಿನ ಕೃತಜ್ಞತೆಗೆ ಪಾತ್ರನಾದವನೂ ಮುಂದೆ ಇದೇ ಚಾರ್ನ್‌ಲಿಯೇ. ಈಗ ಕಂಬಿಗಳ ಬದಲು ಒಳಗೆ ಸ್ಕ್ರೂಗಳನ್ನು ತೊಡಿಸುವರು. ಸಣ್ಣ ರಂಧ್ರಗಳ ಮೂಲಕವೇ ಈ ಕೆಲಸವನ್ನು ಪೂರೈಸುವುದೂ ಉಂಟು. ಬೆಸುಗೆಯಾದ ಹರಡಿನಲ್ಲಿ ನೋವು ಅಡಗುವುದು. ಪಾದದ ಮುಂದಿನ ಸಣ್ಣ ಕೀಲುಗಳು ತಾವೇ ತುಸು ಬಾಗಿ ನಡಿಗೆಗೆ ನೆರವಾಗುವುದರಿಂದ, ಸಮನಾದ ನೆಲದ ಮೇಲೆ ಪಾದರಕ್ಷೆ ತೊಟ್ಟು ನಡೆಯುವವರಲ್ಲಿ ಹಲವರಿಗೆ ಬೆಸುಗೆಯಾಗಿದೆಯೆಂಬುದು ನೋಡುವವರಿಗೆ ಗೊತ್ತೇ ಆಗದು. ಆದರೆ ಆ ಸಣ್ಣ ಕೀಲುಗಳು ತಮ್ಮದಲ್ಲದ ಈ ಹೆಚ್ಚಿನ ದುಡಿಮೆಯ ಬೆಲೆಯನ್ನು ತೆರದೆ ಇರವು. ಬೆಸುಗೆಯಾಗಿ ಸರಾಸರಿ 22 ವರ್ಷ ಕಳೆದಿದ್ದ 23 ರೋಗಿಗಳನ್ನು ಹುಡುಕಿ ಪರೀಕ್ಷಿಸಿದ ಐಯೋವಾದ ವೈದ್ಯರು, ಅವರಲ್ಲಿ ಹೆಚ್ಚಿನವರ ಅದೇ ಪಾದದ ನೆರೆಯ ಕೀಲುಗಳು ಸವೆದಿದ್ದುದನ್ನು 2001ರಲ್ಲಿ ವರದಿ ಮಾಡಿದರು. ಇದು ಹೊಸ ಕೀಲಿನ ಕಡೆಗೆ ವೈದ್ಯರ ಮನಸ್ಸನ್ನು ಮತ್ತೆ ಒಲಿಸಿದ ಸಂಗತಿಗಳಲ್ಲಿ ಒಂದು.

ಮತ್ತೆ ಎಂದೆ; ಏಕೆಂದರೆ ಅದಕ್ಕೆ ಹಿಂದೆಯೇ ಒಮ್ಮೆ ಒಲಿದು, ಕೈ ಸುಟ್ಟುಕೊಂಡು, ಹಿಂಜರಿದದ್ದಾಗಿತ್ತು. 1970ರಲ್ಲಿ ಫ್ರಾನ್ಸ್ ದೇಶದ ಲಾರ್ಡ್ ಮತ್ತು ಮರೋಟ್ ಎಂಬವರು, ಸೊಂಟದ ಕೃತಕ ಕೀಲಿನ ದಂಡವನ್ನು ತಲೆಕೆಳಗು ಮಾಡಿ ಟಿಬಿಯಾ ಮೂಳೆಯೊಳಕ್ಕೆ ಇಳಿಸಿ, ಟೇಲಸನ್ನು ಪೂರ್ತಿಯಾಗಿ ತೆಗೆದುಹಾಕಿ, ಹಿಮ್ಮಡಿಯ ಮೂಳೆಯಲ್ಲಿ ಒಂದು ಬಟ್ಟಲನ್ನು ಸಿಮೆಂಟಿನಿಂದ ಕೂರಿಸಿ, ಹರಡಿಗೆ ಹೊಸ ಕೀಲನ್ನು ಕೊಡಲು ಯತ್ನಿಸಿದರು. ಹಾಗೆ ಚಿಕಿತ್ಸೆ ಪಡೆದ 25 ಹರಡುಗಳಲ್ಲಿ ತೃಪ್ತಿಕರವಾಗಿ ಉಳಿದವು 7 ಮಾತ್ರ. ಆ ದಶಕದಲ್ಲಿಯೇ ಬೇರೆ ಬೇರೆ ದೇಶಗಳಲ್ಲಿ ಹಲವು ಬಗೆಯ ಕೀಲುಗಳು ಹುಟ್ಟಿದುವು. ಅಮೆರಿಕದ ಮೇಯೋ ಚಿಕಿತ್ಸಾಲಯದಲ್ಲಿ ಜೋಡಿಸಿದ 204 ಕೀಲುಗಳ ಚರಿತ್ರೆಯನ್ನು ಅಲ್ಲಿಯ ವೈದ್ಯರೇ ಮರೆಮಾಚದೆ ಬರೆದಿಟ್ಟಿದ್ದಾರೆ: ಹತ್ತು ವರ್ಷ ಬಾಳಿದುವು ನೂರಕ್ಕೆ ಸುಮಾರು 65. ಇಂಥ ಫಲಿತಾಂಶಗಳನ್ನು ಕಂಡು, ಹರಡಿಗೆ ಬೆಸುಗೆಯೊಂದೇ ಗತಿಯೆಂದು 1980ರ ದಶಕದಲ್ಲಿ ಬಹುಮಂದಿ ತೀರ್ಮಾನಿಸಿದರು.

ಆ ಸೋಲುಗಳ ಕಾರಣ ಶೋಧನೆಯೇ ನನಗೆ ಈ ಚರಿತ್ರೆಯ ಅತ್ಯಂತ ಗೌರವಾರ್ಹವಾದ ಭಾಗವಾಗಿ ತೋರುವುದು. ಟಿಬಿಯಾದ ಕೆಳತುದಿಯಲ್ಲಿ ಗಟ್ಟಿಯಾದ ಮೂಳೆಯಿರುವುದು ಕೀಲಿಗೆ ತಾಗಿದ ತೆಳುವಾದ ಪದರದಲ್ಲಿ ಮಾತ್ರ. ಅದಕ್ಕೆ ಮೇಲೆ ಹೋದಂತೆಲ್ಲ ಮೂಳೆ ಮೆತ್ತಗಾಗುವುದು. ಮೊದಲಿನವರು ಸಿಮೆಂಟಿಗೆ ಎಡೆ ಮಾಡಲೆಂದು ಧಾರಾಳವಾಗಿ ಮೂಳೆಯನ್ನು ಕತ್ತರಿಸಿದುದರಿಂದ ಹೊಸ ಕೀಲು ಆ ಮೆತ್ತನೆಯ ಭಾಗದ ಮೇಲೆ ಕುಳಿತು ಒಳಕ್ಕೆ ಕುಸಿಯಿತು. ಕೇವಲ ಮೇಲಕ್ಕೂ ಕೆಳಕ್ಕೂ ಆಡುವಂತೆ ಬಿಗಿಯಾಗಿ ರಚಿಸಿದ ಕೀಲುಗಳಲ್ಲಿ, ಪಾದವು ನಡೆಯುವಾಗ ಸಹಜವಾಗಿ ಪಡೆಯುವ ತಿರುಚಿನ ಬಲವೆಲ್ಲ ಸಿಮೆಂಟಿನ ಮೇಲೆಯೇ ಬಿದ್ದು ಅದು ಸಡಿಲವಾಯಿತು. ಎತ್ತೆತ್ತಲೂ ಆಡುವಂತೆ ರಚಿಸಿದವು ಹೊರಳಿ ಹೋದುವು. ಪಕ್ಕದ ಕಟ್ಟುಗಳ ಬಿಗಿಯನ್ನು, ಅಂದರೆ ಮೂಳೆಯಿಂದ ಮೂಳೆಗೆ ಹಬ್ಬಿದ ತಂತುಗಳ ಸಮತೋಲವನ್ನು, ಯಾರೂ ಸಾಕಷ್ಟು ಗಮನಿಸಿರಲಿಲ್ಲ. ಕೋಪನ್‌ಹೇಗನ್ನಿನ ಹಾಕನ್ ಕೋಫೂಡ್ ಎಂಬ ವೈದ್ಯನು 1981ರಿಂದ ತನ್ನ ಕೀಲನ್ನು ಜೋಡಿಸತೊಡಗಿ, ಮುಂದೆ ಲೋಹದ ಎರಡು ತುಂಡುಗಳ ನಡುವೆ ಸ್ವತಂತ್ರವಾಗಿ ಸರಿದಾಡುವ ಪ್ಲಾಸ್ಟಿಕ್ಕಿನ ಬಿಲ್ಲೆಯೊಂದನ್ನು ಇಟ್ಟು, ಆಮೇಲೆ ಸಿಮೆಂಟನ್ನೂ ಬಿಟ್ಟುಕೊಟ್ಟನು. ನ್ಯೂಜೆರ್ಸಿಯ ಬುಶೆಲ್ ಎಂಬ ವೈದ್ಯನೂ ಪ್ಯಾಪಸ್ ಎಂಬ ಎಂಜಿನಿಯರನೂ ಕೂಡಿ ಇದೇ ಜಾಡಿನಲ್ಲಿ ನಡೆದರು. ದಕ್ಷಿಣ ಡಕೋಟದ ಫ್ರಾಂಕ್ ಆಲ್ವಿನ್ 1984ರಲ್ಲಿ ಇನ್ನೊಂದು ವಿಧದ ಕೀಲನ್ನು ಬಳಕೆಗೆ ತಂದನು. ಮೂಳೆಯನ್ನು ಆದಷ್ಟು ಕಡಮೆ ಕತ್ತರಿಸುವುದು, ಲೋಹದ ಒರಟಾದ ಬೆನ್ನಿಗೆ ಮೂಳೆಯೇ ಬೆಳೆದು ಅಂಟಿಕೊಳ್ಳುವಂತೆ ಮಾಡುವುದು, ಇವೆರಡು ಇಂದಿನ ಕೀಲುಗಳ ಲಕ್ಷಣಗಳು. ಕೋಫೂಡನ ಕೀಲಿಗೆ ಅಮೆರಿಕದ ಸರಕಾರದ ಒಪ್ಪಿಗೆ ದೊರೆತುದು 2009ರಲ್ಲಿ.

ಶಸ್ತ್ರಕ್ರಿಯೆ ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರೋಗಿಯನ್ನು ಅಂಗಾತ ಮಲಗಿಸಿ, ತೊಡೆಗೆ ರಕ್ತತಡೆಯ ಪಟ್ಟಿ ಬಿಗಿದು, ಹರಡಿನ ಮುಂಭಾಗದಲ್ಲಿ ನೇರವಾಗಿ ಚರ್ಮವನ್ನು ಸೀಳುವರು. ಇಲ್ಲಿಯ ಚರ್ಮ ಬಹಳ ತೆಳು. ಅದರಡಿಯಲ್ಲಿ ಮಾಂಸದ ಮೆತ್ತೆಯೇ ಇಲ್ಲ. ಗಾಯದ ಅಂಚನ್ನು ಬಲವಾಗಿ ಎಳೆದು ಹಿಡಿದರೆ ಅದು ಕಪ್ಪಾಗಿ ಕೊಳೆಯುವುದು. ಆದುದರಿಂದ ನುರಿತ ವೈದ್ಯನು ಚರ್ಮವನ್ನು ಎಳೆಯಗೊಡದೆ, ಆಳದ ಪದರಗಳಲ್ಲಿ ಮಾತ್ರ ಕೊಕ್ಕೆಯಿಟ್ಟು ಬಿಡಿಸಿಕೊಳ್ಳುವನು. ಹೆಬ್ಬೆರಳನ್ನು ಮೇಲೆತ್ತುವ ಸ್ನಾಯುರಜ್ಜುವನ್ನು ಒಂದು ಬದಿಗೆ ಸರಿಸಿದರೆ, ಪಾದಕ್ಕೆ ಇಳಿಯುವ ಧಮನಿಯೂ ನರವೂ ಒಂದಕ್ಕೊಂದು ಒತ್ತಿಕೊಂಡು ಹೋಗುತ್ತಿರುವುದು ಕಾಣುವುದು. ಅವನ್ನು ಹೊರಬದಿಗೆ ಕಾಪಾಡಿಕೊಂಡು ಕೀಲನ್ನು ತೆರೆಯಬೇಕು. ಆಗ ಕಾಣುವ ನೋಟವೇ ರೋಗಿಯ ಇಷ್ಟು ವರ್ಷಗಳ ಬೇನೆಯನ್ನು ವೈದ್ಯನಿಗೆ ತಿಳಿಸುವುದು: ಬೆಳ್ಳಗೆ ನುಣ್ಣಗೆ ಇರಬೇಕಾದ ಮೈಯೆಲ್ಲ ಹಳದಿಯಾದ ಬರಿಯ ಮೂಳೆ, ಮುಂದಿನ ಅಂಚಿನಲ್ಲಿ ಗೋಡೆಯಂತೆ ಬೆಳೆದ ಮೂಳೆಯ ಮುಳ್ಳುಗಳು. ಎಕ್ಸ್‌ರೇ ಪರದೆಯ ಮೇಲೆ ಅಳತೆಯ ಚೌಕಟ್ಟನ್ನು ಹೊಂದಿಸಿ, ನೀರು ಹನಿಸಿ ತಂಪು ಮಾಡುತ್ತ ಸಣ್ಣ ಗರಗಸದಿಂದ ಟಿಬಿಯಾದ ತುದಿಯನ್ನೂ ಟೇಲಸಿನ ಬೆನ್ನನ್ನೂ ತೆಳುವಾಗಿ ಕತ್ತರಿಸುವರು. ಗರಗಸ ಅತ್ತ ಒಂದಿಷ್ಟು ಜಾರಿದರೆ ಒಳಗಂಟು ಮುರಿಯುವುದು. ಬಳಿಕ ತಾತ್ಕಾಲಿಕ ತುಂಡುಗಳನ್ನಿಟ್ಟು, ಪಾದವನ್ನು ಎತ್ತಿ ಇಳಿಸಿ, ಎಡಕ್ಕೂ ಬಲಕ್ಕೂ ಒತ್ತಿ, ಕಟ್ಟುಗಳ ಬಿಗಿ ಎರಡು ಕಡೆಗೂ ಸಮನಾಗಿದೆಯೇ ಎಂದು ನೋಡಿ, ಅದಕ್ಕೆ ತಕ್ಕ ದಪ್ಪದ ಬಿಲ್ಲೆಯನ್ನು ಆರಿಸುವರು. ಹಿಮ್ಮಡಿಯ ಸ್ನಾಯುರಜ್ಜು ಬಿಗಿದುಕೊಂಡಿದ್ದರೆ ಅದನ್ನೂ ಉದ್ದ ಮಾಡಬೇಕು. ಲೋಹ ಕೋಬಾಲ್ಟ್ ಕ್ರೋಮಿಯಮ್ ಮಿಶ್ರಣ ಅಥವಾ ಟೈಟೇನಿಯಮ್. ಬಿಲ್ಲೆಯು 1962ರಲ್ಲಿ ಚಾರ್ನ್‌ಲಿ ಸೊಂಟಕ್ಕೆಂದು ಆರಿಸಿಕೊಂಡ ಆ ಗಟ್ಟಿ ಪಾಲಿಥೀನ್ ಜಾತಿಯದೇ.

ಎರಡು ದಾರಿಗಳಲ್ಲಿ ಯಾವುದು ಮೇಲು? ಈ ಪ್ರಶ್ನೆಯನ್ನು ನ್ಯಾಯವಾಗಿ ಬಿಡಿಸಲು ಬ್ರಿಟನ್ನಿನ 17 ಆಸ್ಪತ್ರೆಗಳು ಕೂಡಿ, 50ರಿಂದ 85 ವರ್ಷದೊಳಗಿನ 303 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೊಸ ಕೀಲನ್ನೂ ಇನ್ನೊಂದಕ್ಕೆ ಬೆಸುಗೆಯನ್ನೂ ಗೊತ್ತುಮಾಡಿದುವು. 2022ರಲ್ಲಿ ಹೊರಬಂದ ಆ ಪರೀಕ್ಷೆಯ ಫಲದಂತೆ, ಒಂದು ವರ್ಷ ಕಳೆದ ಮೇಲೆ ಎರಡು ಗುಂಪಿನವರೂ ನಿಲ್ಲುವುದರಲ್ಲಿ, ನಡೆಯುವುದರಲ್ಲಿ ಬಹಳವಾಗಿ ಸುಧಾರಿಸಿದ್ದರು. ಇಬ್ಬರ ನಡುವೆ ಖಚಿತವಾದ ಅಂತರವೆಂದು ಹೇಳತಕ್ಕದ್ದು ಕಾಣಲಿಲ್ಲ. ಹೊಸ ಕೀಲಿನವರಲ್ಲಿ ಗಾಯ ಮಾಯದಿರುವ ತೊಂದರೆಯೂ ನರದ ಪೆಟ್ಟೂ ಹೆಚ್ಚು. ಬೆಸುಗೆಯವರಲ್ಲಿ ಕಾಲಿನ ರಕ್ತನಾಳ ಹೆಪ್ಪುಗಟ್ಟುವುದು ಹೆಚ್ಚು, ಮತ್ತು ಕೆಲವರ ಮೂಳೆ ಬೆಸೆಯದೆಯೇ ಉಳಿಯಿತು. ಈ ಫಲವನ್ನು ಓದಿದಾಗ ನನಗೆ ನೆಮ್ಮದಿಯೇ ಆಯಿತು. ಎರಡೂ ಒಳ್ಳೆಯವಾದುದರಿಂದ, ಆಯ್ಕೆಯನ್ನು ರೋಗಿಯ ಬಾಳಿನ ರೀತಿಗೆ ಬಿಟ್ಟುಕೊಡಬಹುದಷ್ಟೆ.

ನಾನು ಕಂಡ ಇಬ್ಬರನ್ನು ನೆನೆದರೆ ಈ ಮಾತು ಸ್ಪಷ್ಟವಾದೀತು. ಒಬ್ಬರು ಅರುವತ್ತೈದು ದಾಟಿದ ನಿವೃತ್ತ ಶಿಕ್ಷಕಿ. ರುಮಟಾಯ್ಡ್ ಸಂಧಿವಾತದಿಂದ ಹರಡು ಮಾತ್ರವಲ್ಲದೆ ಅದರ ಕೆಳಗಿನ ಕೀಲುಗಳೂ ಆಗಲೇ ಬಿಗಿದಿದ್ದುವು. ಹರಡನ್ನೂ ಬೆಸೆದುಬಿಟ್ಟಿದ್ದರೆ ಪಾದಕ್ಕೆ ಆಡಲು ಎಡೆಯೇ ಉಳಿಯುತ್ತಿರಲಿಲ್ಲ. ಮನೆ, ಅಂಗಳ, ಸಂಜೆಯ ದೇವಸ್ಥಾನ ಇಷ್ಟೇ ಅವರ ತಿರುಗಾಟ. ಅವರಿಗೆ ಹೊಸ ಕೀಲು ಸಲ್ಲುವಂಥದು, ಸಂದಿತು. ಇನ್ನೊಬ್ಬನು ಮೂವತ್ತಾರರ ಹಮಾಲಿ. ಲಾರಿಯಿಂದ ಮೂಟೆ ಇಳಿಸುವಾಗ ಬಿದ್ದು ಮುರಿದ ಹರಡು ಅವನದು. “ಅಮ್ಮಾವ್ರಿಗೆ ಹಾಕಿದ್ದೇ ನನಗೂ ಹಾಕಿ ಸಾರ್, ಸಾಲ ಸೋಲ ಮಾಡಿ ಕೊಡ್ತೀನಿ” ಎಂದು ಅವನು ಕೇಳಿಕೊಂಡನು. “ನೀನು ನಾಳೆ ಮೂಟೆ ಹೊರೋದು ಬಿಡ್ತೀಯೇನಪ್ಪಾ?” ಎಂದೆ. “ಬಿಟ್ರೆ ಮಕ್ಕಳಿಗೆ ಏನ್ ಹಾಕ್ಲಿ?” ಎಂದನು. ಅವನ ದುಡಿಮೆಯ ಭಾರದಡಿಯಲ್ಲಿ ಕೃತಕ ಕೀಲು ಬಹುಕಾಲ ನಿಲ್ಲದು. ಕುಸಿದ ಮೇಲೆ ಅವನಿಗೆ ಮುಂದೆ ಉಳಿಯುವ ದಾರಿಗಳು ಇಂದಿನವಕ್ಕಿಂತ ಕಷ್ಟವಾದುವು. ಬೆಸುಗೆಗೆ ಅವನನ್ನು ಒಪ್ಪಿಸಲು ಬಹಳ ಹೊತ್ತು ಹಿಡಿಯಿತು. ಬಡವನೆಂದು ಅಗ್ಗದ ಚಿಕಿತ್ಸೆಯನ್ನು ಹೇಳುತ್ತಿಲ್ಲವೆಂಬುದನ್ನು ಅವನಿಗೆ ಮನಗಾಣಿಸಬೇಕಾಗಿತ್ತು.

ಇವರಿಬ್ಬರಂತೆ ತೀರ್ಪು ಸುಲಭವಾಗಿ ದೊರೆಯದ ರೋಗಿಗಳೇ ಹೆಚ್ಚು. ಆದರೂ ಕೆಲವು ನಿಷೇಧಗಳು ನಿಸ್ಸಂಶಯವಾದುವು. ಕೀಲಿನಲ್ಲಿ ಕೀವಿದ್ದರೆ, ಟೇಲಸ್ ಬಹುಪಾಲು ಸತ್ತಿದ್ದರೆ, ಕಾಲಿಗೆ ರಕ್ತಸಂಚಾರ ಸಾಲದಿದ್ದರೆ, ಮಧುಮೇಹದಿಂದ ಪಾದದ ಸ್ಪರ್ಶಜ್ಞಾನವೇ ಹೋಗಿ ಮೂಳೆಗಳು ಕುಸಿಯುತ್ತಿದ್ದರೆ, ಹೊಸ ಕೀಲನ್ನು ಜೋಡಿಸಕೂಡದು. ಮಧುಮೇಹ ಇಷ್ಟೊಂದು ಹಬ್ಬಿರುವ ನಮ್ಮಲ್ಲಿ ಈ ಕೊನೆಯದನ್ನು ಒತ್ತಿ ಹೇಳಬೇಕು. ಬೀಡಿ ಸಿಗರೇಟು ಸೇದುವವರು ಮೊದಲು ಅದನ್ನು ಬಿಡಬೇಕು. ಇಲ್ಲದಿದ್ದರೆ ಆ ತೆಳು ಚರ್ಮದ ಗಾಯ ಮಾಯುವ ಭರವಸೆಯಿಲ್ಲ. ಮಂಡಿಯ ಶಸ್ತ್ರಕ್ರಿಯೆಯನ್ನು ದಿನನಿತ್ಯ ಮಾಡುವ ವೈದ್ಯರು ನಮ್ಮ ಜಿಲ್ಲಾಕೇಂದ್ರಗಳಲ್ಲಿಯೂ ಇರುವರಾದರೂ, ಹರಡಿನದನ್ನು ಮೇಲಿಂದ ಮೇಲೆ ಮಾಡಿ ಕೈ ಪಳಗಿದವರು ವಿರಳ. ತಾವು ಇದನ್ನು ಎಷ್ಟು ಮಂದಿಗೆ ಮಾಡಿದ್ದೀರಿ ಎಂದು ಕೇಳುವ ಹಕ್ಕು ರೋಗಿಗೆ ಉಂಟು, ಕೇಳಿದ್ದಕ್ಕೆ ಯಾವ ಸಜ್ಜನ ವೈದ್ಯನೂ ಬೇಸರಪಡುವುದಿಲ್ಲ.

ಶಸ್ತ್ರಕ್ರಿಯೆಯ ಮಾರನೆಯ ದಿನವೇ ಎದ್ದು ಕಾಲೂರಿ ನಡೆಯುವುದು ಮಂಡಿಯ ವಾಡಿಕೆ. ಹರಡಿನಲ್ಲಿ ಹಾಗಲ್ಲ. ಮೊದಲ ಕೆಲವು ವಾರಗಳು ಪಟ್ಟಿಯಲ್ಲಿಯೋ ಬೂಟಿನಲ್ಲಿಯೋ ಕಾಲನ್ನು ಕಟ್ಟಿಟ್ಟು, ವೈದ್ಯರು ಹೇಳುವವರೆಗೆ ಅದರ ಮೇಲೆ ಭಾರ ಬಿಡದೆ, ಕುಳಿತಾಗಲೂ ಮಲಗಿದಾಗಲೂ ಪಾದವನ್ನು ಎದೆಗಿಂತ ಎತ್ತರದಲ್ಲಿ ದಿಂಬಿನ ಮೇಲೆ ಇರಿಸಬೇಕು. ಗಾಯ ಮಾಯುವುದೂ ಮಾಯದಿರುವುದೂ ಬಹುಪಾಲು ಇದನ್ನೇ ಅವಲಂಬಿಸಿದೆ. ಸಂಜೆಯ ಹೊತ್ತಿಗೆ ಬಾವು ಬರುವುದು ಆರು ತಿಂಗಳೋ ವರ್ಷವೋ ಮುಂದುವರಿದರೂ ಗಾಬರಿಪಡಬೇಕಾದುದಿಲ್ಲ. ನೋವು ಹೋಗುವುದೇ ಈ ಚಿಕಿತ್ಸೆಯ ದೊಡ್ಡ ಲಾಭ. ಚಲನೆ ಅಷ್ಟಾಗಿ ಹೆಚ್ಚದು: ಮೊದಲು ಎಷ್ಟಿತ್ತೋ ಅದಕ್ಕೆ ಕೆಲವೇ ಡಿಗ್ರಿ ಸೇರಬಹುದು. ಅದು ನಡಿಗೆಗೂ ಮೆಟ್ಟಿಲಿಗೂ ಸಾಕಾದೀತು. ಕುಕ್ಕರಗಾಲಿನಲ್ಲಿ ಕುಳಿತು ಒಲೆ ಊದುವುದಕ್ಕೆ, ಗದ್ದೆಯಲ್ಲಿ ಕಳೆ ಕೀಳುವುದಕ್ಕೆ, ಹಳೆಯ ಮಾದರಿಯ ಪಾಯಖಾನೆಗೆ ಸಾಲದು. ಓಟ, ನೆಗೆತಗಳನ್ನು ಮರೆಯಬೇಕು. ಇದನ್ನು ಮೊದಲೇ ತಿಳಿದು ಬಂದವರು ಸಂತುಷ್ಟರಾಗಿರುವುದನ್ನೂ, ತಿಳಿಯದೆ ಬಂದವರು ಚೆನ್ನಾಗಿ ಆದ ಕೆಲಸದಲ್ಲಿಯೂ ಕೊರಗುವುದನ್ನೂ ಕಂಡಿದ್ದೇನೆ.

ಕಡೆಯದಾಗಿ ಒಂದು ಎಚ್ಚರಿಕೆ. ಇಂದಿನ ಕೀಲುಗಳಲ್ಲಿ ಹತ್ತು ವರ್ಷ ಬಾಳುವುವು ಹತ್ತಕ್ಕೆ ಎಂಟೊಂಬತ್ತು ಎಂದು ಸ್ಥೂಲವಾಗಿ ಹೇಳಬಹುದು. ಮಂಡಿಯ ಕೀಲಿನ ಬಾಳಿಕೆಗೆ ಇದು ಸಮನಲ್ಲ. ಬಿಲ್ಲೆಯಿಂದ ಉದುರುವ ಕಣ್ಣಿಗೆ ಕಾಣದ ಪುಡಿಗೆ ಕೆರಳಿ ಸುತ್ತಲಿನ ಮೂಳೆ ಒಳಗೊಳಗೇ ಕರಗಿ ಪೊಳ್ಳಾಗುವುದುಂಟು. ಆಗ ರೋಗಿಗೆ ಬಹುಕಾಲ ನೋವೇ ಇರುವುದಿಲ್ಲ. ಹೊತ್ತಿಗೆ ಸರಿಯಾಗಿ ಕಂಡುಹಿಡಿದರೆ ಪೊಳ್ಳಿಗೆ ಸೊಂಟದೆಲುಬಿನಿಂದ ಮೂಳೆಯ ಚೂರುಗಳನ್ನು ತಂದು ತುಂಬಬಹುದು, ಬಿಲ್ಲೆಯೊಂದನ್ನೇ ಬದಲಾಯಿಸಬಹುದು. ಕೀಲು ಕುಸಿದ ಮೇಲೆ ಬಂದರೆ, ಹೊಸದನ್ನು ಜೋಡಿಸುವುದಾಗಲಿ ಬೆಸೆಯುವುದಾಗಲಿ, ಮೂಳೆಯೇ ಉಳಿದಿರದ ಕಾರಣ ಮೊದಲಿನ ಶಸ್ತ್ರಕ್ರಿಯೆಗಿಂತ ಬಹಳ ಕಠಿನವಾಗುವುದು. ಹರಡಿನ ಕೀಲನ್ನು ಬದಲಾಯಿಸಿಕೊಂಡವರು, ಕಾಲು ಎಷ್ಟೇ ಸುಖವಾಗಿದ್ದರೂ, ವರ್ಷಕ್ಕೊಮ್ಮೆ ನಿಂತು ತೆಗೆಯಿಸಿದ ಎಕ್ಸ್‌ರೇಯನ್ನು ತಮ್ಮ ವೈದ್ಯರಿಗೆ ತೋರಿಸಬೇಕು. ಹಳೆಯ ಫಿಲ್ಮುಗಳನ್ನೂ ಜೊತೆಗೆ ಒಯ್ಯಬೇಕು, ಏಕೆಂದರೆ ಹೊಸದನ್ನು ಅವುಗಳ ಪಕ್ಕದಲ್ಲಿಟ್ಟು ನೋಡಿದಾಗಲೇ ಮೂಳೆಯಲ್ಲಾದ ಸಣ್ಣ ಬದಲಾವಣೆ ಕಣ್ಣಿಗೆ ಬೀಳುವುದು.